ಸೋಣೆ ತಿಂಗಳ ಹೊಸ್ತಿಲು

ಬೆಳಗಿನ ಐದೂವರೆಗೆ ಜಲಜ ಎದ್ದು ಹೊರಗೆ ಬಂದಾಗ ಜಗಲಿಯ ಮೆಟ್ಟಿಲ ಹತ್ತಿರ ಸೊಸೆಯ ಚಪ್ಪಲಿ ಇರಲಿಲ್ಲ. ಗೋಡೆಯ ಮೊಳೆಗೆ ತೂಗುವ ಟಾರ್ಚೂ ಇರಲಿಲ್ಲ. ನಿನ್ನೆಯೂ ಇರಲಿಲ್ಲ, ಮೊನ್ನೆಯೂ ಇರಲಿಲ್ಲ. ಹೊಸ್ತಿಲಿಗೆ ಹೂವು ತರಲು ಹೋಗಿರಬೇಕು ಎಂದು ಮೊದಲ ದಿನ ಸುಮ್ಮನಿದ್ದಳು. ಆದರೆ ನಾಲ್ಕು ಹೂವು ಕೊಯ್ಯಲು ಮುಕ್ಕಾಲು ಗಂಟೆ ಬೇಕೆ? ಅದೂ ಈ ಹಂಗಾರಕಟ್ಟೆಯ ಹೊಳೆಬದಿಯ ಹೊಯಿಗೆ ಮರಳಿನಲ್ಲಿ, ತೆಂಗು ಬಿಟ್ಟರೆ ಬೇರೇನೂ ನೆಟ್ಟಗೆ ಬೆಳೆಯದ ಜಾಗದಲ್ಲಿ?

ಜಲಜ ಕಂಬಕ್ಕೆ ಒರಗಿ ಕಾದಳು. ಆರು ಗಂಟೆಯ ಹೊತ್ತಿಗೆ ನವ್ಯಶ್ರೀ ಬಂದಳು. ನೈಟಿಯ ಅಂಚು ಮೊಣಕಾಲ ತನಕ ಒದ್ದೆ. ಕೈಯಲ್ಲಿದ್ದ ಬಾಳೆಲೆಯ ತುಂಡಿನಲ್ಲಿ ಕೆಂಪು ದಾಸವಾಳ, ಗೋರಟೆ, ಯಾವುದೋ ಹಳದಿ ಹೂವು.

"ಎಲ್ ಹೋಯಿದ್ದೆ?"

"ಹೂ ಕೊಯ್ಯುಕೆ, ಅತ್ತೆ."

"ಅದ್ ಕಾಂತಿತ್ತ್. ಎಲ್ಲಿಗೆ ಅಂದೇಳಿ ಕೇಂಡದ್ದ್."

"ಇಲ್ಲೇ, ಆಚೆ ಬದಿಗೆ."

ಆಚೆ ಬದಿ ಎಂದರೆ ಹೊಳೆಯೂ ಆಚೆ ಬದಿ, ಅರಬ್ಬಿ ಸಮುದ್ರವೂ ಆಚೆ ಬದಿ. ಜಲಜ ಮುಂದೆ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುವವರನ್ನು ಕೇಳಬಾರದು, ನೋಡಬೇಕು ಎನ್ನುವುದು ಅವಳ ಮತ. ಮೂವತ್ತು ವರ್ಷ ಮೀನು ಮಾರಿದವಳು ಅವಳು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಮನುಷ್ಯರಿಗೂ ಕಿವಿರು ಇದ್ದಿದ್ದರೆ ಹಂಗಾರಕಟ್ಟೆಯಿಂದ ಬ್ರಹ್ಮಾವರದ ತನಕ ಒಬ್ಬರನ್ನೂ ಬಿಡದೆ ಎತ್ತಿ ನೋಡುತ್ತಿದ್ದಳು.

ಮಗ ಮಿಥುನ್ ಮಲ್ಪೆಯ ಬೋಟಿನಲ್ಲಿ ದುಡಿಯುವವನು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದಾಗ ಅವನೂ ಹೊರಟಿದ್ದ. ಒಮ್ಮೆ ಹೋದರೆ ಎಂಟು ಹತ್ತು ದಿನ. ಸಿದ್ದಾಪುರದ ಕಡೆಯ ಈ ಹುಡುಗಿಯನ್ನು ಅವನು ಕೈಹಿಡಿದದ್ದು ಏಪ್ರಿಲ್‌ನಲ್ಲಿ. ಆಸಾಡಿ ತಿಂಗಳಿಗೆ ತವರಿಗೆ ಹೋಗಿದ್ದ ಹುಡುಗಿ, ಅದು ಕಳೆದು ಸೋಣೆ ತಿಂಗಳು ಹುಟ್ಟುವಾಗ ತಿರುಗಿ ಬಂದಿದ್ದಳು. ಬರುವಾಗ ಒಂದು ಚೀಲದ ತುಂಬ ಹಸಿರು ಹೊತ್ತು ತಂದಿದ್ದಳು. ಜರಿಗಿಡವನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು ಕಿಟಕಿಗೆ ಕಟ್ಟಿದಳು. ಒಡೆದ ಬುಟ್ಟಿಯನ್ನು ತೊಳೆದು ಅದರಲ್ಲಿ ಬಿಳಿ ಚಿಪ್ಪು ತುಂಬಿ ಬಾಗಿಲ ಬದಿಗಿಟ್ಟಳು. ಮಳೆಗಾಲಕ್ಕೆ ಹಸಿರು ಪರದೆ, ಬೇಸಗೆಗೆ ಬಿಳಿ ಪರದೆ ಎಂದು ಅವಳು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದನ್ನು ಜಲಜ ಕೇಳಿಸಿಕೊಂಡಿದ್ದಳು. ಮನೆಗೆ ಕಾಲಕ್ಕೊಂದು ಬಟ್ಟೆ ಉಡಿಸುವವಳು ಎಂತಹ ಹೆಂಗಸು? ಮನೆ ಒಗ್ಗಲಿಲ್ಲವೆಂದೇ ಅದಕ್ಕೆ ಬೇರೆ ವೇಷ ಹಾಕುತ್ತಿದ್ದಾಳೆ, ನಾಳೆ ಗಂಡನನ್ನು ಕಟ್ಟಿಕೊಂಡು ಬೇರೆ ಮನೆ ಹೂಡುತ್ತಾಳೆ ಎಂದು ಜಲಜ ಆಗಲೇ ಲೆಕ್ಕ ಹಾಕಿದ್ದಳು. ಈಗ ಅದರ ಮೇಲೆ ಈ ಮುಕ್ಕಾಲು ಗಂಟೆ.

ನವ್ಯಶ್ರೀ ಹೊಸ್ತಿಲು ತೊಳೆದು ಮುಂದೆ ಕೂತಳು. ಸೋಣೆ ತಿಂಗಳಿಡೀ ಈ ಕಡೆಯ ಮುತ್ತೈದೆಯರು ಮಾಡುವ ಕೆಲಸ ಅದು. ಶೇಡಿ ಎಂಬ ಬಿಳಿ ಮಣ್ಣನ್ನು ತೆಂಗಿನ ಗೆರಟೆಯಲ್ಲಿ ಕಲಸಿ, ಬೆರಳಲ್ಲಿ ಅದ್ದಿ ಹೊಸ್ತಿಲ ಮೇಲೆ ಗೆರೆ ಎಳೆದು, ಕುಂಕುಮ ಹೂವು ಇಟ್ಟು ಕೈಮುಗಿಯುತ್ತಾರೆ. ಹೊಸ ಮದುಮಗಳಿಗಂತೂ ಅದನ್ನು ತಪ್ಪಿಸುವಂತಿಲ್ಲ. ಗಂಡ ಸತ್ತವರು ಮುಟ್ಟುವಂತಿಲ್ಲ. ಹಾಗಾಗಿ ಈ ಮನೆಯ ಹೊಸ್ತಿಲು ಹನ್ನೆರಡು ವರ್ಷ ಬೋಳಾಗಿತ್ತು.

ಈ ನಾಲ್ಕು ದಿನ ಹುಡುಗಿ ಬರೀ ಉದ್ದ ಗೆರೆ, ಚುಕ್ಕಿ ಇಡುತ್ತಿದ್ದಳು. ಇವತ್ತು ಬಳ್ಳಿ ಎಳೆದಳು. ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಎಳೆದು, ತುದಿಗೆ ಬಂದಾಗ ಬೆರಳನ್ನು ಒಳಮುಖವಾಗಿ ಸುರುಳಿ ಸುತ್ತಿಸಿ, ಸುರುಳಿಯ ಕೊನೆಗೆ ಬೀಸಣಿಗೆಯಂತೆ ಮೂರು ಗೀಟು ಹಾಕಿದಳು. ಮಡಚಿ ಮಲಗಿದ ಸಿಗಡಿಯ ಬಾಲ.

ಜಲಜ ಕಂಬ ಬಿಟ್ಟು ಹೊಸ್ತಿಲ ಹತ್ತಿರ ಬಂದಳು. ಊರಿನಲ್ಲಿ ಹೊಸ್ತಿಲು ಬರೆಯುವ ಹೆಂಗಸರು ನೂರು ಮಂದಿ ಇದ್ದರು. ಬಳ್ಳಿಯ ತುದಿಗೆ ಸಿಗಡಿ ಬಾಲ ಬರೆಯುವವಳು ಒಬ್ಬಳೇ, ಹಳ್ಳದ ಮೇಲಿನ ಮರದ ಸಂಕದ ಆಚೆಯ ಚಂದ್ರಮತಿ. ಆ ಬಾಲವನ್ನು ಜಲಜ ಈ ಹೊಸ್ತಿಲ ಮೇಲೆ ಹಿಂದೆ ಒಮ್ಮೆ ಕಂಡಿದ್ದಳು.

ತೊಂಬತ್ತೊಂಬತ್ತರ ಸೋಣೆ ಅದು. ಜಲಜ ಹೊರಗೆ ಕೂತು ಮೂರನೆಯ ದಿನ. ಹಿತ್ತಿಲ ಸೌದೆ ಕೊಟ್ಟಿಗೆಯೇ ಆಗ ಅವಳ ಮನೆ. ಗಂಡ ಕೊರಗ ಬೆಳಗಿನ ಜಾವವೇ ದೋಣಿ ಇಳಿಸಿದ್ದ. ಬೆಳಕು ಹರಿದ ಮೇಲೆ ಅವಳು ಅಂಗಳದ ಬದಿಯಿಂದ ನೋಡಿದರೆ ಹೊಸ್ತಿಲ ಮೇಲೆ ಶೇಡಿ, ಕುಂಕುಮ, ಹೂವು. ತಾನು ಬರೆದದ್ದಲ್ಲ, ಬರೆಯುವಂತೆಯೂ ಇರಲಿಲ್ಲ. ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ. ಬೇರೆಯವರು ಕದ್ದು ಬಂದು ಹೊಸ್ತಿಲಿಗೆ ಕುಂಕುಮ, ಹೂವು ಇಟ್ಟುಹೋಗುವುದು ಯಾತಕ್ಕೆಂದು ಈ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ಮಾಟ ಎಂಬ ಮಾತು ಅವಳ ಬಾಯಿಗೆ ಬರುವಷ್ಟರಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಕಡೆಯಿಂದ ಜನ ಕೂಗುತ್ತ ಓಡಿಬಂದರು. ದೋಣಿ ಮಗುಚಿತ್ತು. ಇಬ್ಬರು ಈಜಿ ಬಂದರು, ಕೊರಗ ಬರಲಿಲ್ಲ.

ಅದುವರೆಗೆ ಚಂದ್ರಮತಿಯೂ ಜಲಜಳೂ ಒಂದೇ ಬಸ್ಸಿನಲ್ಲಿ ಮೀನು ಮಾರಲು ಹೋಗುವ ಜೋಡಿ. ಗಂಡನ ಉತ್ತರಕ್ರಿಯೆ, ಬೊಜ್ಜ ಮುಗಿದ ಮರುದಿನವೇ ಜಲಜ ಅವಳ ಅಂಗಳಕ್ಕೆ ಹೋಗಿ, ಊರೆಲ್ಲ ಕೇಳುವಂತೆ ಶಪಿಸಿ, ಒಂದು ಹಿಡಿ ಮಣ್ಣು ತೂರಿ ಬಂದಳು. ಚಂದ್ರಮತಿ ಬಾಗಿಲಲ್ಲಿ ನಿಂತಿದ್ದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಪ್ಪಿಲ್ಲದವಳಾದರೆ ಅಲ್ಲ ಎನ್ನುತ್ತಿರಲಿಲ್ಲವೇ? "ಕಾಗೆ ಕೂಕಂಬುದಕ್ಕೂ ಗೆಲ್ಲ್ ಮುರಿವುದಕ್ಕೂ ಸಮ ಆಯ್ತ್, ಮಾರಾಯ್ತಿ" ಎಂದು ನೆರೆಮನೆಯ ಐತಜ್ಜ ಸಮಾಧಾನ ಹೇಳಲು ಬಂದಿದ್ದ. ಜಲಜ ಒಂದು ವರ್ಷ ಅವನ ಹತ್ತಿರವೂ ಮಾತು ಬಿಟ್ಟಳು.

ಈಗ ಅದೇ ಬಾಲ ತಿರುಗಿ ಬಂದಿತ್ತು. ಮಗ ಕಡಲಿನಲ್ಲಿದ್ದ.

ಜಲಜ ಒಳಗೆ ಹೋಗಿ ತಂಬಿಗೆ ನೀರು ತಂದು ಹೊಸ್ತಿಲ ಮೇಲೆ ಸುರಿದಳು. ದಾಸವಾಳ ಮೆಟ್ಟಿಲಿಗೆ ಬಿತ್ತು. ಶೇಡಿ ಹಾಲಿನಂತೆ ಹರಿದು ಅಂಗಳದ ಹೊಯಿಗೆ ಸೇರಿತು.

"ಅತ್ತೆ, ಎಂತಕ್ ತೊಳ್ದದ್ದ್?"

"ಯಾರ್ ಕಲ್ಸಿದ್ದ್ ಇದ್ನ?"

ಹುಡುಗಿ ಉಗುರು ಕೆರೆದಳು. "ಯಾರೂ ಇಲ್ಲ. ನಾನೇ ಬರ್ದದ್ದ್."

ಅಲ್ಲಿಗೆ ಜಲಜಳಿಗೆ ಖಾತ್ರಿಯಾಯಿತು. ಸುಳ್ಳು ಹೇಳದಿದ್ದರೆ ಅಷ್ಟು ಖಾತ್ರಿಯಾಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಗಾಳಿ ಎದ್ದಿತು. ಬೋಟುಗಳು ದಡ ಸೇರಬೇಕೆಂದು ಎಚ್ಚರಿಕೆ ಬಂದಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಜನ ಮಾತಾಡುತ್ತಿದ್ದರು. ಮಿಥುನ್‌ನ ಫೋನಿಗೆ ನವ್ಯಶ್ರೀ ಗಂಟೆಗೊಮ್ಮೆ ಹಚ್ಚಿದಳು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಇಂಪಾಗಿ ಹೇಳುತ್ತಿದ್ದಳು. ಕಡಲಿಗೆ ಹೋದವರ ಫೋನು ಸಿಗದಿರುವುದು ಹೊಸದಲ್ಲ. ಆದರೂ ಜಲಜಳಿಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಲಗಿದವಳಂತೆ ಕಣ್ಣು ಮುಚ್ಚಿಕೊಂಡಿದ್ದು, ಚಿಲಕದ ಸದ್ದು ಕೇಳಿದ ಮೇಲೆ ಎದ್ದು ಹಿಂಬಾಲಿಸಿದಳು. ಟಾರ್ಚಿನ ಬೆಳಕು ತೆಂಗಿನ ಸಾಲು ದಾಟಿ ಸಂಕದ ಮೇಲೆ ಹತ್ತಿತು. ಹನ್ನೆರಡು ವರ್ಷ ಜಲಜ ಆ ಸಂಕ ಮೆಟ್ಟಿರಲಿಲ್ಲ. ಬಸ್ಸಿಗೆ ಹೋಗಲು ಅರ್ಧ ಫರ್ಲಾಂಗು ಸುತ್ತಿ ಹೋಗುತ್ತಿದ್ದಳು. ಇವತ್ತು ಅಡಿಕೆ ಮರದ ಕಂಬ ಹಿಡಿದು ದಾಟಿದಳು. ಕೆಳಗೆ ಕಡಲ ಭರತದ ನೀರು ಏರುತ್ತಿತ್ತು.

ಚಂದ್ರಮತಿಯ ಅಂಗಳದಲ್ಲಿ ಬಲ್ಬು ಉರಿಯುತ್ತಿತ್ತು. ಬೇಲಿಯ ಉದ್ದಕ್ಕೂ ದಾಸವಾಳ, ಗೋರಟೆ, ಬಾವಿಕಟ್ಟೆಯ ಬುಡದಲ್ಲಿ ಆ ಹಳದಿ ಹೂವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಂದ್ರಮತಿ ಕೂತಿದ್ದಳು. ಊದಿದ ಮೊಣಕಾಲಿಗೆ ಬಟ್ಟೆ ಸುತ್ತಿತ್ತು, ಕೈಯಲ್ಲಿ ಊರುಗೋಲು. ಅವಳ ಮನೆಯ ಹೊಸ್ತಿಲ ಮುಂದೆ ನವ್ಯಶ್ರೀ ಕೂತು ಬರೆಯುತ್ತಿದ್ದಳು.

"ಬಾಲ ಒಳ್ಗ್ ತಿರ್ಗ್ಸ್, ಹೆಣ್ಣೆ. ಹಾಂಗೆ. ಗಡಿಬಿಡಿ ಮಾಡ್ಬೇಡ."

"ದೊಡ್ಡಮ್ಮ, ಇದ್ನ ಬರೂಕೆ ಕೂಕಂಡ್ರೆ ಮನ್ಸ್ ತಣ್ಣಗಾತ್ತ್. ಇಲ್ದಿರೆ ಇಡೀ ದಿನ ಇವ್ರದ್ದೇ ಯೋಚ್ನಿ."

ದೊಡ್ಡಮ್ಮ. ಆ ಮಾತು ಜಲಜಳಿಗೆ ಮುಳ್ಳಿನಂತೆ ನಟ್ಟಿತು. ಅವಳು ಬೇಲಿಯ ದಣಪೆ ದಾಟಿ ಬೆಳಕಿಗೆ ಬಂದು ನಿಂತಳು.

"ಹ್ವಾಯ್. ನನ್ ಗಂಡನ್ನ ತಿಂದದ್ದ್ ಸಾಕಾಯ್ಲಿಲ್ಯಾ? ಈಗ ಮಗನ್ ಹೊಸ್ತಿಲಿಗೂ ಬಂದ್ಯಾ?"

ನವ್ಯಶ್ರೀ ಎದ್ದು ನಿಂತಳು. ಬೆರಳಿನಿಂದ ಶೇಡಿ ತೊಟ್ಟಿಕ್ಕುತ್ತಿತ್ತು. "ಅತ್ತೆ, ಅವ್ರದ್ದೆಂತ ತಪ್ಪಿಲ್ಲ. ನಾನೇ ಹೂ ಕೇಣುಕೆ ಬಂದದ್ದ್. ಅವ್ರಿಗೆ ಬಗ್ಗುಕಾತಿಲ್ಲ. ಹೂವಿಗ್ ಬದ್ಲ್ ಇವ್ರ್ ಹೊಸ್ತಿಲ್ ನಾ ಬರ್ದ್ ಕೊಡ್ತೆ, ಅಷ್ಟೇ. ನಿಮ್ಗ್ ಹೇಳಿರೆ ಬಿಡುದಿಲ್ಲ ಅಂದೇಳಿ ಹೇಳ್ಲಿಲ್ಲ."

"ನೀ ಬಾಯ್ ಮುಚ್ಚ್."

"ಕೂಕೊ, ಜಲಜ" ಎಂದಳು ಚಂದ್ರಮತಿ.

"ನಾ ಕೂಕಂಬುಕೆ ಬರ್ಲಿಲ್ಲ."

"ಹಾಂಗಾರೆ ನಿತ್ಕಂಡೇ ಕೇಣ್." ಚಂದ್ರಮತಿ ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. "ಆವತ್ತ್ ನಿನ್ ಹೊಸ್ತಿಲ್ ಬರ್ದದ್ದ್ ನಾನೇ ಹೌದ್. ನೀ ಹೊರ್ಗ್ ಕೂಕಂಡಿದ್ದೆ. ಸೋಣಿ ತಿಂಗ್ಳಗ್ ಹೊಸ್ತಿಲ್ ಬರಿದ್ ಇಟ್ಕಂಡ್ ಗಂಡ್ಸ್ ಕಡ್ಲಿಗ್ ಇಳೂದ್ ಒಳ್ಳೇದಲ್ಲ ಅಂದೇಳಿ ನಂಗ್ ಕಂಡಿತ್. ಮೂರ್ ದಿನವೂ ಬರ್ದೆ. ಮೊದ್ಲ್ ಎರ್ಡ್ ದಿನ ಮಳಿಗೆ ತೊಳ್ದ್ ಹೋಯಿತ್ತ್. ಮೂರ್ನೇ ದಿನ ಮಳಿ ಬರ್ಲಿಲ್ಲ. ಅದ್ಕೇ ನಿಂಗ್ ಕಂಡದ್ದ್."

ಬಾವಿಕಟ್ಟೆಯ ಹತ್ತಿರ ಕೋಳಿ ಕೂಗಿತು.

"ಆಗ ಹೇಳುಕೆ ಎಂತ ಆಯ್ದಿತ್ತ್?"

"ಬರ್ದದ್ದ್ ನಾನೇ ಅಂದೇಳಿ ಹೇಳಿರೆ, ಎಂತಕ್ ಬರ್ದದ್ದ್ ಅಂಬುದನ್ನ ನೀ ಕೇಂತಿದ್ಯಾ? ಕೇಂಡ್ರೂ ನಂಬ್ತಿದ್ಯಾ?"

ಜಲಜ ಸೊಸೆಯ ರಟ್ಟೆ ಹಿಡಿದಳು.

"ಈಗ್ಳೂ ನಂಬುದಿಲ್ಲ" ಎಂದು ಹೇಳಿ, ಹುಡುಗಿಯನ್ನು ಸಂಕ ದಾಟಿಸಿಕೊಂಡು ಬಂದಳು. ಅರ್ಧ ಬರೆದ ಬಳ್ಳಿ ಆ ಮನೆಯ ಹೊಸ್ತಿಲ ಮೇಲೆ ಹಾಗೇ ಉಳಿಯಿತು.

ಆ ದಿನ ಮೀನು ಕಡಿಮೆ ಬಂದಿತ್ತು. ಸಿಕ್ಕಿದ ಒಂದು ಬುಟ್ಟಿ ಭೂತಾಯಿಯನ್ನು ಹೊತ್ತು ಜಲಜ ಬ್ರಹ್ಮಾವರದ ಬಸ್ಸು ಹತ್ತಿದಳು. ಪಕ್ಕದ ಸೀಟು ಖಾಲಿ ಇತ್ತು. ನಂಬುವುದಿಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ, ತಲೆ ಕೇಳಬೇಕಲ್ಲ. ಆ ಮೂರು ದಿನ ಸೌದೆ ಕೊಟ್ಟಿಗೆಗೆ ಗಂಜಿ, ಉಪ್ಪಿನಕಾಯಿ ತಂದುಕೊಟ್ಟವಳು ಚಂದ್ರಮತಿಯೇ. ಮಿಥುನ್‌ನನ್ನು ಮೀಯಿಸಿ ಶಾಲೆಗೆ ಕಳಿಸಿದವಳೂ ಅವಳೇ. ಗಂಜಿ ಕೊಟ್ಟ ಕೈ ಮಾಟ ಮಾಡುವುದಿಲ್ಲ ಎಂದೇನೂ ಇಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಮೊದಲ ಎರಡು ದಿನ ಮಳೆ ಇದ್ದದ್ದು ನಿಜ. ಕೊಟ್ಟಿಗೆ ಸೋರಿ ಚಾಪೆ ಒದ್ದೆಯಾಗಿ, ಅವಳು ತೆಂಗಿನ ಮಡಲಿನ ಮೇಲೆ ಕೂತು ಬೆಳಗು ಮಾಡಿದ್ದಳು. ಮೂರನೆಯ ದಿನ ಮಳೆ ಬಿಟ್ಟದ್ದೂ ನಿಜ. ಮಳೆ ಬಿಟ್ಟಿತೆಂದೇ ಕೊರಗ ದೋಣಿ ಇಳಿಸಿದ್ದು.

"ಭೂತಾಯಿ ಹ್ಯಾಂಗೆ? ತಾಜಾ ಇತ್ತಾ?" ಎಂದು ಗಿರಾಕಿ ಹೆಂಗಸು ಮೀನಿನ ಹೊಟ್ಟೆ ಒತ್ತಿ ನೋಡಿದಳು. ಬೇರೆ ದಿನವಾಗಿದ್ದರೆ ಜಲಜ ನಾಲ್ಕು ಮಾತು ಬಿಗಿಯುತ್ತಿದ್ದಳು. ಇವತ್ತು ಸುಮ್ಮನೆ ಅವಳ ಬೆರಳನ್ನೇ ನೋಡುತ್ತ ಕೂತಳು. ಚಂದ್ರಮತಿ ಹೇಳಿದ್ದು ಸುಳ್ಳಾದರೆ ಮಗನಿಗೆ ಅಪಾಯ. ನಿಜವಾದರೆ ಇನ್ನೂ ಕಷ್ಟ. ಹನ್ನೆರಡು ವರ್ಷ ಒಬ್ಬಳ ತಲೆಯ ಮೇಲೆ ಹೊರಿಸಿದ ಸಾವನ್ನು ಈಗ ಎಲ್ಲಿ ಇಳಿಸಿಡುವುದು? ಯೋಚಿಸಿದಷ್ಟೂ ಅವಳಿಗೆ ಹೆದರಿಕೆಯಾಯಿತು, ಹೆದರಿಕೆ ಹೆಚ್ಚಿದಷ್ಟೂ ಸಿಟ್ಟು ಬಂತು.

ಸಂಜೆ ಮನೆಗೆ ಬಂದರೆ ನವ್ಯಶ್ರೀ ಹಿಂದಿನ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಹುಡುಗಿ ಹೊರಗಾಗಿದ್ದಳು. ಕಾಲ ಬದಲಾಗಿದೆ ಎಂದು ಊರಿನ ಎಷ್ಟೋ ಮನೆಗಳಲ್ಲಿ ಈ ಕ್ರಮ ಬಿಟ್ಟಿದ್ದರು. ಜಲಜ ಬಿಟ್ಟಿರಲಿಲ್ಲ.

"ಇವ್ರ್ ಫೋನ್ ಇನ್ನೂ ಸಿಕ್ಲಿಲ್ಲ, ಅತ್ತೆ. ಮಲ್ಪೆಯಗ್ ವಿಚಾರ್ಸಿದೆ. ಮೂರ್ನಾಲ್ಕ್ ಬೋಟ್ ಕಾರವಾರದ್ ಬದಿಗ್ ಹೋಯಿ ನಿಂತಿತ್ತಂಬ್ರ್. ಯಾವ್ದ್ ಅಂದೇಳಿ ಅವ್ರಿಗೂ ಗೊತ್ತಿಲ್ಲ." ಅವಳ ದನಿ ಸಣ್ಣದಾಯಿತು. "ನಾಳಿಗೆ ಹೊಸ್ತಿಲ್ ಬರಿದಾತ್ತಲ್ದಾ."

"ಬರಿದೇ ಇರ್ಲಿ. ಹನ್ನೆರ್ಡ್ ವರ್ಷ ಇರ್ಲಿಲ್ಯಾ?"

ಹುಡುಗಿ ತಲೆ ತಗ್ಗಿಸಿದಳು. ಕಿಟಕಿಯ ಜರಿಗಿಡಕ್ಕೆ ಆ ದಿನ ಯಾರೂ ನೀರು ಹಾಕಿರಲಿಲ್ಲ. ಜಲಜ ಅದನ್ನು ಕಂಡೂ ಕಾಣದಂತೆ ಒಳಗೆ ಹೋದಳು.

ಮರುದಿನ ಹೊಸ್ತಿಲು ಬರಿದೇ ಇತ್ತು. ಗಾಳಿ ಇಳಿದಿರಲಿಲ್ಲ, ಫೋನು ಸಿಗಲಿಲ್ಲ. ಜಲಜ ಒಳಗೂ ಹೊರಗೂ ತಿರುಗುವಾಗಲೆಲ್ಲ ಅವಳ ಕಣ್ಣು ಹೊಸ್ತಿಲಿನ ಮೇಲೆ ಬೀಳುತ್ತಿತ್ತು. ಹನ್ನೆರಡು ವರ್ಷ ಕಾಣದ ಬೋಳು ಒಂದೇ ದಿನದಲ್ಲಿ ಎದ್ದು ಕಾಣುತ್ತಿತ್ತು.

ಅದರ ಮರುದಿನ ಬೆಳಗಿನ ಜಾವ ಅವಳಿಗೆ ಎಚ್ಚರವಾದದ್ದು ಬಾಗಿಲ ಹೊರಗಿನ ಸದ್ದಿಗೆ. ಏನೋ ನೆಲಕ್ಕೆ ತಾಗಿದ ಹಾಗೆ ಟಕ್ ಎಂದಿತು, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಟಕ್ ಎಂದಿತು. ಊರುಗೋಲು. ಬಳಿಕ ಯಾರೋ ನೋವಿನಿಂದ ಉಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತ ಸದ್ದು.

ಜಲಜ ಎದ್ದಳು. ದೀಪ ಹಾಕಲಿಲ್ಲ. ನೇರ ಅಡುಗೆಮನೆಗೆ ಹೋಗಿ ತಂಬಿಗೆ ತುಂಬ ನೀರು ಮೊಗೆದುಕೊಂಡು ಬಂದು ಚಿಲಕ ತೆಗೆದಳು.

ಹೊರಗೆ ಬೂದು ಬಣ್ಣದ ಬೆಳಕು. ಚಂದ್ರಮತಿ ಮಡಚಲಾಗದ ಒಂದು ಕಾಲನ್ನು ಅಂಗಳಕ್ಕೆ ಚಾಚಿ, ಸೊಂಟ ತಿರುಗಿಸಿ, ಹೊಸ್ತಿಲ ಮೇಲೆ ಬಾಗಿದ್ದಳು. ಸೀರೆಯ ಅಂಚೆಲ್ಲ ಕೆಸರು. ಹುಡುಗಿ ಹೊರಗಾದ ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ, ಆ ಕಾಲಿನಲ್ಲಿ, ಆ ಕತ್ತಲಲ್ಲಿ ಸಂಕ ಹೇಗೆ ದಾಟಿದಳೋ. ಅರ್ಧ ಬಳ್ಳಿ ಎಳೆದಾಗಿತ್ತು. ಹಿಂದೆಲ್ಲ ಒಂದೇ ಉಸಿರಿಗೆ ಓಡುತ್ತಿದ್ದ ಗೆರೆ ಈಗ ನಡುಗಿ ನಡುಗಿ ಸೊಟ್ಟಗಾಗಿತ್ತು. ಬಾಲ ಇನ್ನೂ ಬಂದಿರಲಿಲ್ಲ.

ಅವಳು ತಲೆ ಎತ್ತಲಿಲ್ಲ. ಎದುರಿಗೆ ನಿಂತ ಕಾಲನ್ನೂ ತಂಬಿಗೆಯನ್ನೂ ಕಂಡಿರಬೇಕು.

"ತೊಳುದಾದ್ರೆ ತೊಳಿ" ಎಂದಳು. "ನಾ ಬರೂದ್ ಬರಿತೆ."

ಅಳಿವೆಯ ಮೊರೆತ ಇಲ್ಲಿಯ ತನಕ ಕೇಳುತ್ತಿತ್ತು. ಹಿಂದಿನ ಜಗಲಿಯಲ್ಲಿ ಚಾಪೆ ಸರಿದ ಸದ್ದಾಯಿತು, ಮತ್ತೆ ಸದ್ದಿಲ್ಲ. ಹುಡುಗಿಗೂ ಎಚ್ಚರವಾಗಿತ್ತು. ಜಲಜ ತಂಬಿಗೆ ಎತ್ತಿದಳು. ಒಮ್ಮೆ ಓರೆ ಮಾಡಿದರೆ ಸಾಕು, ಗೆರೆಯೂ ಹೋಗುತ್ತದೆ, ಅವಳೂ ಎದ್ದು ಹೋಗುತ್ತಾಳೆ. ಮಗ ಬಂದರೆ ತೊಳೆದದ್ದರಿಂದ ಬಂದ ಎಂದುಕೊಳ್ಳಬಹುದು. ಬರದಿದ್ದರೆ ಹೊರಿಸಲು ಒಂದು ತಲೆ ಇದ್ದೇ ಇದೆ.

ಚಂದ್ರಮತಿಯ ಬೆರಳು ಗೆರಟೆಗೆ ಇಳಿಯಿತು, ಮೇಲೆ ಬಂದಾಗ ಶೇಡಿ ಮುದ್ದೆಯಾಗಿ ಅಂಟಿತ್ತು. ಗೆರೆ ಎಳೆಯಲು ನೋಡಿದಳು. ಅದು ಹರಿಯದೆ ಹೊಸ್ತಿಲ ಮೇಲೆ ಪುಡಿಯಾಯಿತು. ಮತ್ತೊಮ್ಮೆ ನೋಡಿದಳು, ಮತ್ತೊಮ್ಮೆ ಪುಡಿಯಾಯಿತು.

ಜಲಜ ಕುಕ್ಕರಗಾಲಿನಲ್ಲಿ ಕೂತಳು. ಹೊಸ್ತಿಲಿನ ಆ ಕಡೆ ಅವಳು, ಈ ಕಡೆ ಇವಳು. ತಂಬಿಗೆಯ ಬಾಯಿಯನ್ನು ಗೆರಟೆಯ ಅಂಚಿಗೆ ತಾಗಿಸಿ ನಿಧಾನವಾಗಿ ಓರೆ ಮಾಡಿದಳು.

"ಸಾಕಾ?"

ಚಂದ್ರಮತಿ ಬೆರಳಲ್ಲಿ ಕಲಸಿ ನೋಡಿದಳು.

"ಇನ್ನ್ ಚೂರ್" ಎಂದಳು.